ಕಡಲ ಕೂಸುಗಳ ಆರೈಕೆಮನೆ ಕಡಲ ದಡಕ್ಕೆ ಬಂತು

ಮನೆ ಬದಲಾಯಿಸುವ ಕಷ್ಟವನ್ನು ನಮ್ಮಂಥ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾತ್ರೆಪಗಡ, ಹಾಸಿಗೆ ದಿಂಬುಗಳನ್ನೆಲ್ಲ ಲಾರಿಗೇರಿಸಿ, ಹೊಸ ಮನೆಯಲ್ಲಿ ಹಾಲುಕ್ಕಿಸುವ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. ಹಾಗಿರುವಾಗ ಐವತ್ತು ವರ್ಷಕ್ಕೂ ಮಿಕ್ಕಿ ಒಂದೇ ಹಳ್ಳಿಯಲ್ಲಿದ್ದ ಆಸ್ಪತ್ರೆಯೊಂದು ಗಂಟುಮೂಟೆ ಕಟ್ಟಿದರೆ? ನೆದರ್ಲೆಂಡ್ಸ್ ದೇಶದಲ್ಲಿ 2025ರಲ್ಲಿ ಹೀಗೇ ಆಯಿತು. ಅಲ್ಲಿನ ರೋಗಿಗಳು ಮನುಷ್ಯರಲ್ಲ, ಸೀಲ್ ಎಂಬ ಕಡಲ ಪ್ರಾಣಿಗಳು. ಡಚ್ಚರು ಅವನ್ನು 'ಕಡಲ ನಾಯಿ' ಎಂದು ಕರೆಯುತ್ತಾರೆ.

ಹಿತ್ತಲಲ್ಲಿ ಹುಟ್ಟಿದ ಆಸ್ಪತ್ರೆ

ದೇಶದ ಉತ್ತರ ತುದಿಯಲ್ಲಿ ಪೀಟರ್‌ಬ್ಯೂರೆನ್ ಎಂಬ ಪುಟ್ಟ ಹಳ್ಳಿ. 1971ರಲ್ಲಿ ಲೇನಿ ಟ್ ಹಾರ್ಟ್ ಎಂಬ ಮಹಿಳೆ ತಮ್ಮ ಮನೆಯ ಹಿತ್ತಲಲ್ಲಿ ಒಂದು ತೊಟ್ಟಿಯಿಟ್ಟು ಸೀಲ್ ಮರಿಗಳನ್ನು ಸಾಕತೊಡಗಿದರು. ಬೇಟೆಯಿಂದಲೂ ನೀರಿಗೆ ಸೇರಿದ ವಿಷದಿಂದಲೂ ಸೀಲ್‌ಗಳು ತೀರ ಕಡಿಮೆಯಾಗಿದ್ದ ಕಾಲ ಅದು. 1988ರಲ್ಲಿ ಸಾಂಕ್ರಾಮಿಕವೊಂದು ಬಂದು ಉತ್ತರ ಯುರೋಪಿನಲ್ಲಿ ಸುಮಾರು 18,000 ಸೀಲ್‌ಗಳು ಸತ್ತವು. ಹಿತ್ತಲ ತೊಟ್ಟಿ ಬೆಳೆದು ಹೆಸರುವಾಸಿ ಆಸ್ಪತ್ರೆಯಾಯಿತು.

ಕೂಸಿನ ಊಟದ ಪಾಡು

ತಾಯಿ ತಪ್ಪಿದ ಮರಿ ಮಗುವಿನಂತೆಯೇ ಅಳುತ್ತದೆ. ಅದಕ್ಕೆ ಹಸುವಿನ ಹಾಲು ಕುಡಿಸಿದರಾಯಿತು ಅಂತೀರಾ? ಆಗದು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕು ಪಾಲಾದರೆ, ಸೀಲ್ ತಾಯಿಯ ಹಾಲಿನಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬೇ! ಅದಕ್ಕೇ ಮೂರು ನಾಲ್ಕು ವಾರದಲ್ಲೇ ಮರಿ ಮೈತುಂಬಿಕೊಂಡು ಮೊಲೆ ಬಿಡುತ್ತದೆ. ಆರೈಕೆಮನೆಯಲ್ಲಿ ಮೊದಮೊದಲು ಗಂಜಿಯಂಥ ಆಹಾರವನ್ನು ಕೊಳವೆಯಿಂದ ಹೊಟ್ಟೆಗಿಳಿಸಿ, ಆಮೇಲೆ ಇಡೀ ಮೀನು ನುಂಗುವುದನ್ನು ರೂಢಿ ಮಾಡಿಸುತ್ತಾರೆ. ಮುದ್ದು ಮಾಡುವುದಂತೂ ಕೂಡದು. ಮನುಷ್ಯರಿಗೆ ಹೊಂದಿಕೊಂಡರೆ ಕಡಲಲ್ಲಿ ಬಾಳುವುದು ಹೇಗೆ? ಬಾಣಂತನ ಮುಗಿಸಿದ ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ, ಇಲ್ಲಿ ಬಂದವರೆಲ್ಲ ತಿರುಗಿ ಹೋಗಲೇಬೇಕು.

ದಡಕ್ಕೇಕೆ ಹೋದರು?

ಪೀಟರ್‌ಬ್ಯೂರೆನ್ ಇರುವುದು ಕಡಲ ಒಡ್ಡಿನಿಂದ ಕೆಲವು ಕಿಲೋಮೀಟರ್ ಒಳಗೆ. ಹೊಸ ಜಾಗ ಲೌವರ್ಸೋಗ್, ಸೀಗಡಿ ದೋಣಿಗಳು ನಿಲ್ಲುವ ಬಂದರು. ಎದುರಿಗೇ ವಾಡನ್ ಸಮುದ್ರ. ಇಳಿತದಲ್ಲಿ ಕೆಸರುಬಯಲಾಗಿ, ಭರತದಲ್ಲಿ ನೀರಾಗುವ ಈ ಕಡಲನ್ನು 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸ ಕಟ್ಟಡವನ್ನು ರೂಪಿಸಿದವರೂ ಹೆಂಗಸೇ, ಡೆನ್ಮಾರ್ಕಿನ ಡೋರ್ಟೆ ಮಾಂಡ್ರುಪ್. ಸೀಲ್‌ಗಳ ಆರೈಕೆ, ಕಡಲ ಪ್ರದರ್ಶನ ಎರಡೂ ಅಲ್ಲಿ ಒಂದೇ ಸೂರಿನಡಿ. ಮರಿಯನ್ನು ನೋಡಲು ಬಂದವರು ಅದರ ಮನೆಯನ್ನೂ ನೋಡಿಕೊಂಡು ಹೋಗಬಹುದು. ಮನೆ ಕೆಟ್ಟರೆ ಮಕ್ಕಳು ಉಳಿಯುವುದುಂಟೆ?

ಆದರೆ ಹಳ್ಳಿಯ ಮಾತೇನು? ಪೀಟರ್‌ಬ್ಯೂರೆನ್ ಎಂದರೆ ಸೀಲ್ ಎನ್ನುವಷ್ಟು ನಂಟು ಬೆಳೆದಿತ್ತು. ಮಗಳನ್ನು ಕಳಿಸಿಕೊಟ್ಟ ಮನೆಯಂತೆ ಈಗ ಅಲ್ಲಿ ಬಿಕೋ ಎನ್ನುವುದು ಸಹಜವೇ. ಅದೃಷ್ಟಕ್ಕೆ, ಇಬ್ಬರು ಗೆಳತಿಯರು ಗುರುತು ಮಾಡಿದ, 1983ರಲ್ಲಿ ತೆರೆದ ಸುಮಾರು 500 ಕಿಲೋಮೀಟರಿನ ಕಾಲುದಾರಿ 'ಪೀಟರ್‌ಪಾಡ್' ಶುರುವಾಗುವುದು ಅದೇ ಊರಿನಲ್ಲಿ. ನಡೆಯುವವರು ಈಗಲೂ ಬರುತ್ತಾರೆ.

ಕೊನೆಗೊಂದು ಮಾತು ಕೇಳಿ. 2020ರಲ್ಲಿ ಅಲ್ಲಿ ಒಂದು ಒಪ್ಪಂದವಾಯಿತು. ದಡದಲ್ಲಿ ಮರಿ ಒಂಟಿಯಾಗಿ ಕಂಡ ತಕ್ಷಣ ಎತ್ತಿಕೊಂಡು ಓಡಬಾರದು. ತಾಯಿ ಮೀನಿಗೆ ಹೋಗಿರಬಹುದು, 24 ಗಂಟೆಯವರೆಗೂ ದೂರದಿಂದ ಕಾದು ನೋಡಬೇಕು. ನಮ್ಮ ಹಿತ್ತಲಲ್ಲಿ ಗೂಡಿನಿಂದ ಬಿದ್ದ ಹಕ್ಕಿಮರಿಗೂ, ಬೀದಿಯ ಬೆಕ್ಕಿನ ಮರಿಗೂ ಈ ಮಾತು ಸಲ್ಲುತ್ತದೆ. ಮಕ್ಕಳು ಓಡಿಬಂದು "ಅಮ್ಮಾ, ಮರಿ ಸಿಕ್ತು!" ಎಂದಾಗ, ಮೊದಲು ಅದರ ಅಮ್ಮ ಎಲ್ಲಿದ್ದಾಳೆ ಎಂದು ನೋಡಿ ಬರಲು ಹೇಳಿ. ಪ್ರೀತಿಯೆಂದರೆ ಎತ್ತಿಕೊಳ್ಳುವುದಷ್ಟೇ ಅಲ್ಲ, ಕೆಲವೊಮ್ಮೆ ಕೈಕಟ್ಟಿ ಕಾಯುವುದೂ ಹೌದು.