ಮಾಕಳಿ ಬೇರಿನಲ್ಲೊಂದು ಪಾಠ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪದವಿ ವಿದ್ಯಾರ್ಥಿಗಳಿಗೆ ಸಸ್ಯ ರಸಾಯನಶಾಸ್ತ್ರ ಕಲಿಸಲು ದೂರದ ಉದಾಹರಣೆ ಬೇಕಿಲ್ಲ. ಸಾವನದುರ್ಗದಂಥ ಕಲ್ಲುಬೆಟ್ಟಗಳಲ್ಲಿ ಹಬ್ಬುವ ಮಾಕಳಿ ಬಳ್ಳಿಯ ಬೇರು ಉಪ್ಪಿನಕಾಯಿಯಾಗಿ ಊಟದೆಲೆಗೇ ಬರುತ್ತದೆ. ಬೇರನ್ನು ತೊಳೆದು, ನಡುವಿನ ಗಟ್ಟಿ ನಾರು ತೆಗೆದು, ಜಜ್ಜಿ, ಆವಿ ಹಾಯಿಸಿ ಬಟ್ಟಿ ಇಳಿಸಿದರೆ ಘಮವೆಲ್ಲ ನೀರಿನೊಂದಿಗೆ ಇಳಿಯುತ್ತದೆ. ಅದರ ಮುಖ್ಯ ಅಂಶ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ವೆನಿಲಾದ ಪರಿಮಳ ಕೊಡುವ ವೆನಿಲಿನ್‌ಗೂ ಇದಕ್ಕೂ ಅಣುಸೂತ್ರ ಒಂದೇ, ಅಣುತೂಕವೂ ಒಂದೇ: 152. ಹಾಗಾದರೆ ಸೀಸೆಯಲ್ಲಿರುವುದು ಯಾವುದು? ಇಲ್ಲಿ ಮೂಗಿನ ಸಾಕ್ಷಿ ಸಾಲದು. ಶುದ್ಧ ಹರಳು ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಮಾಕಳಿಯದು. 82ರ ಆಸುಪಾಸಿನಲ್ಲಾದರೆ ವೆನಿಲಿನ್. ಗುರುತಿಸುವುದೆಂದರೆ ಹೆಸರಿಡುವುದಲ್ಲ, ಪುರಾವೆ ಒದಗಿಸುವುದು ಎಂಬುದು ಆಗ ಮನದಟ್ಟಾಗುತ್ತದೆ.

ಕೋಟಿಗಟ್ಟಲೆ ಬೆಲೆಯ ಎನ್‌ಎಂಆರ್ ಯಂತ್ರವಿಲ್ಲದೆ ಇದೆಲ್ಲ ಆಗುವ ಮಾತೇ ಎನ್ನುವವರಿದ್ದಾರೆ. ಹೊಸ ಅಣುವಿನ ರಚನೆ ಬಿಡಿಸಲು ಅದು ಬೇಕು, ನಿಜ. ಆದರೆ ಗೊತ್ತಿರುವ ಅಣುವನ್ನು ತಾಳೆ ನೋಡಲು ಕರಗುವ ಬಿಂದು, ತೆಳುಪದರ ಕ್ರೊಮ್ಯಾಟೊಗ್ರಫಿ, ಫೆರಿಕ್ ಕ್ಲೋರೈಡ್ ಪರೀಕ್ಷೆಗಳಿಂದಲೇ ಶುರುಮಾಡಬಹುದು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದು: ಬೇರು ಅಗೆದರೆ ಬಳ್ಳಿಯೇ ಹೋಗುತ್ತದೆ, ಮಾಕಳಿ ಈಗಾಗಲೇ ಅಪಾಯದಲ್ಲಿದೆ. ಆದ್ದರಿಂದ ಕಾಡಿನ ಬೇರಿಗೆ ಕೈಹಾಕದೆ, ಬೆಳೆಸಿದ ಗಿಡದ ಒಂದೇ ಬೇರನ್ನು ಇಡೀ ತರಗತಿ ಹಂಚಿಕೊಳ್ಳಲಿ. ಉಳಿದ ಪಾಠಕ್ಕೆ ಚನ್ನಪಟ್ಟಣದ ಬೊಂಬೆಗೂ ಬಣ್ಣ ಕೊಡುವ ಅರಿಶಿನವಿದೆ, ಅದರ ಕರ್ಕ್ಯುಮಿನ್ ಇದೆ. ಪ್ರತಿ ಕಾಲೇಜು ಹಿತ್ತಲಲ್ಲಿ ನಾಲ್ಕು ಮಾಕಳಿ ಬಳ್ಳಿ ನೆಟ್ಟು, ಆಮೇಲೆ ಪ್ರಯೋಗಾಲಯದ ಬಾಗಿಲು ತೆರೆಯಲಿ.