ಬೋಟಿಗೆ ರಜೆ, ತುಕ್ಕಿಗೆ ಸುಗ್ಗಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ. ಯಾಂತ್ರೀಕೃತ ಬೋಟುಗಳಾಗಲಿ, 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗಳಾಗಲಿ ಆಗ ಕಡಲಿಗಿಳಿಯುವಂತಿಲ್ಲ. ಬಲೆ ಸರಿಮಾಡುವುದು, ಹಲಗೆ ಬದಲಿಸುವುದು, ಬಣ್ಣ ಬಳಿಯುವುದು ಎಲ್ಲವೂ ಈ ಎರಡು ತಿಂಗಳಲ್ಲೇ. ಹೊರಗಿನ ಬಣ್ಣಕ್ಕೆ ಸಿಗುವ ಮರ್ಯಾದೆ ಒಳಗಿನ ಸೈಲೆನ್ಸರಿಗೆ ಸಿಗುವುದಿಲ್ಲ. ಸೈಲೆನ್ಸರ್ ಅಂದರೆ ಇಲ್ಲಿ ಬರೀ ಸದ್ದಡಗಿಸುವ ಡಬ್ಬಿಯಲ್ಲ. ಎಂಜಿನ್ನಿನಿಂದ ಹೊರಟು ಕ್ಯಾಬಿನ್ನಿನ ಮಾಡು ದಾಟಿ ಹೊಗೆ ಉಗುಳುವ ತನಕದ ಇಡೀ ಕೊಳವೆ.

ಜುಲೈ ಕೊನೆಯ ವಾರ ಎಂಜಿನ್ ಸ್ಟಾರ್ಟ್ ಮಾಡಿ ನೋಡುವಾಗ ಎಂಜಿನ್ ರೂಮಿನ ತುಂಬ ಹೊಗೆ. ಆಮೇಲೆ ವೆಲ್ಡರನ್ನು ಹುಡುಕಿಕೊಂಡು ಓಟ. ಅವರಿಗೋ ಆ ವಾರ ಊಟಕ್ಕೂ ಪುರುಸೊತ್ತಿಲ್ಲ. “ಮೇ ತಿಂಗಳಲ್ಲಿ ಸರಿಯೇ ಇತ್ತಲ್ಲ ಮಾರಾಯ್ರೆ” ಎನ್ನುತ್ತಾರೆ ಮಾಲೀಕರು. ಆ ಮಾತು ಸುಳ್ಳಲ್ಲ. ಕೊಳೆತದ್ದು ಆಮೇಲೆಯೇ.

ಕಬ್ಬಿಣ ತುಕ್ಕು ಹಿಡಿಯಬೇಕಾದರೆ ನೀರಿನ ಪಸೆ ಬೇಕು. ಎಂಜಿನ್ ಓಡುವಾಗ ಕೊಳವೆಯ ಹೊಗೆ 400 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ; ಪಸೆ ನಿಲ್ಲುವ ಮಾತೇ ಇಲ್ಲ. ತೊಂದರೆ ಶುರುವಾಗುವುದು ಎಂಜಿನ್ ತಣ್ಣಗಾದ ಮೇಲೆ. ಡೀಸೆಲ್ ಉರಿದಾಗ ಹೊಗೆಯಷ್ಟೇ ಅಲ್ಲ, ನೀರೂ ಹುಟ್ಟುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಬಹುಪಾಲು ಹಬೆಯಾಗಿ ಹಾರಿಹೋದರೂ ಎಂಜಿನ್ ನಿಲ್ಲಿಸುವ ಹೊತ್ತಿಗೆ ಕೊಳವೆಯೊಳಗಿದ್ದ ಹಬೆ ಅಲ್ಲೇ ಬೆವರಾಗಿ ಇಳಿದು ತಗ್ಗಿನ ತಿರುವಿನಲ್ಲಿ ನಿಲ್ಲುತ್ತದೆ. ಗೋಡೆಗೆ ಹತ್ತಿದ ಮಸಿಯಲ್ಲಿ ಗಂಧಕದ ಅಂಶವಿದ್ದರೆ ಆ ನೀರು ಹುಳಿಯಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ ಹತ್ತು ಪಾಲು; ಹಾಗಾಗಿ ಈ ಹುಳಿಯ ಕಾಟ ಮೊದಲಿನಷ್ಟಿಲ್ಲ. ಉಪ್ಪಿನದು ಮಾತ್ರ ಇದ್ದಷ್ಟೇ ಇದೆ.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಗಾಳಿಯ ತೇವಾಂಶ 75 ಶೇಕಡ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಮ್ ಕ್ಲೋರೈಡ್ ಬೆರೆತಿರುವುದರಿಂದ ಅದಕ್ಕೆ ಅಷ್ಟು ತೇವವೂ ಬೇಡ. ಒಂಬತ್ತು ಹತ್ತು ತಿಂಗಳು ಕೊಳವೆಗೆ ಎರಚಿ ಒಣಗಿದ ಉಪ್ಪೆಲ್ಲ ಜೂನ್ ಮಳೆ ಹಿಡಿಯುತ್ತಿದ್ದಂತೆ ಹಸಿಯಾಗಿ, ಹಗಲೂ ರಾತ್ರಿ ಕಬ್ಬಿಣ ತಿನ್ನುತ್ತದೆ. ಬೋಟಿಗೆ ರಜೆ, ತುಕ್ಕಿಗೆ ಸುಗ್ಗಿ.

ತುಕ್ಕು ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣ ಮೇಲೆ ಸುತ್ತಿದ ಹಗ್ಗ. ಬಿಸಿ ತಾಗದಿರಲೆಂದು ಸುತ್ತಿದ್ದು ಒದ್ದೆ ಬಟ್ಟೆಯ ಹಾಗೆ ಉಪ್ಪುನೀರು ಹಿಡಿದುಕೊಂಡು ಕೂರುತ್ತದೆ. ಅದನ್ನು ಬಿಚ್ಚದೆ ಸೈಲೆನ್ಸರ್ ಚೆನ್ನಾಗಿದೆ ಎಂದರೆ ನಾನು ನಂಬುವುದಿಲ್ಲ. ಬಿಚ್ಚುವಾಗಲೂ ಎಚ್ಚರ: ಹಳೆಯ ಬೋಟಿನಲ್ಲಿ ಅದು ಆಸ್ಬೆಸ್ಟಾಸ್ ಹಗ್ಗವಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಹತ್ತಿಪ್ಪತ್ತು ವರ್ಷದ ನಂತರ ಲೆಕ್ಕ ಕೇಳುತ್ತದೆ. ನೀರು ಚಿಮುಕಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡೇ ತೆಗೆಯಬೇಕು. ಹೊಸದಾಗಿ ಸುತ್ತಲು ಗ್ಲಾಸ್ ಫೈಬರ್ ಹಗ್ಗ ಸಾಕು.

ಹಾಗೆಂದು ಸುತ್ತದೆಯೇ ಬಿಡುವಂತಿಲ್ಲ. ಬರಿಮೈ ಕೊಳವೆಯ ಮೇಲೆ ಡೀಸೆಲ್ ಪೈಪಿನಿಂದ ನಾಲ್ಕು ಹನಿ ತೊಟ್ಟಿಕ್ಕಿದರೂ ಬೆಂಕಿ ಹೊತ್ತಿಕೊಳ್ಳಬಹುದು. ದೊಡ್ಡ ಹಡಗುಗಳ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮದಲ್ಲಿ 220 ಡಿಗ್ರಿ ಮೀರಿ ಕಾಯುವ, ಇಂಧನ ಸಿಡಿಯಬಹುದಾದ ಮೈಗೆಲ್ಲ ಹೊದಿಕೆ ಕಡ್ಡಾಯ. ಮೀನುಗಾರಿಕೆ ಬೋಟಿಗೆ ಆ ನಿಯಮ ಬಾರದು, ಆದರೆ ಬೆಂಕಿಗೆ ಅದೆಲ್ಲ ಗೊತ್ತಿಲ್ಲ.

ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಸಣ್ಣ ಸುತ್ತಿಗೆ ಸಾಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ತಿರುವುಗಳ ಹೊರಮೈ, ಫ್ಲ್ಯಾಂಜಿನ ಪಕ್ಕದ ವೆಲ್ಡಿಂಗ್, ಕೊಳವೆ ಮಾಡನ್ನು ದಾಟುವ ಜಾಗ, ಈ ಮೂರು ಕಡೆ ಬಡಿಯದೆ ಬಿಡಬಾರದು. ಜಾಯಿಂಟಿನ ಸುತ್ತ ಗೋಡೆ ಕಪ್ಪಾಗಿದ್ದರೆ ಹೊಗೆ ಸೋರುತ್ತಿದೆ ಎಂದೇ ಅರ್ಥ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲಿನದಕ್ಕಿಂತ ಕಡಿಮೆ ಇರಬಹುದು. ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ಆ ಕಡಿಮೆಯೇ ಹೆಚ್ಚಾಗಬಹುದು. ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಅದನ್ನು ಕಡಲಿನ ತಲೆಗೆ ಕಟ್ಟಬೇಡಿ.

ತೂತಿಗೆ ತಗಡಿಟ್ಟು ವೆಲ್ಡ್ ಹೊಡೆಯುವುದು ನಡು ಕಡಲಿನಲ್ಲಿ ಸರಿ, ದಕ್ಕೆಯಲ್ಲಿ ಅಲ್ಲ. ತೂತು ಬಿದ್ದಿದೆ ಎಂದರೆ ಪಕ್ಕದ ಕಬ್ಬಿಣವೂ ಕಾಗದದಂತಾಗಿದೆ. ವೆಲ್ಡಿಂಗ್ ರಾಡ್ ತಾಗಿದರೆ ಇನ್ನೊಂದು ತೂತು. ತುಂಡನ್ನೇ ಬದಲಿಸಬೇಕು. ಬೋಲ್ಟ್ ಬಾರದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಡಿ, ಆಮೇಲೆ ನಟ್ಟನ್ನು ಗ್ಯಾಸಿನಲ್ಲಿ ಕಾಯಿಸಿ. ಅವಸರಕ್ಕೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ಸ್ಟಡ್ ಮುರಿದು ಮ್ಯಾನಿಫೋಲ್ಡಿನಲ್ಲೇ ಉಳಿಯುತ್ತದೆ; ಅರ್ಧ ದಿನದ ಕೆಲಸ ಮೂರು ದಿನಕ್ಕೆ ಹೋಗುತ್ತದೆ. ಹಳೆಯ ಕೊಳವೆಯನ್ನು ಗುಜರಿಗೆ ಹಾಕುವ ಆತುರ ಬೇಡ, ಹೊಸದಕ್ಕೆ ಅಳತೆ ಅದೇ. ಹೊಸ ತುಂಡುಗಳನ್ನು ಬೋಟಿನಲ್ಲೇ ಜೋಡಿಸಿ ಟ್ಯಾಕ್ ಹೊಡೆದು, ಬಿಚ್ಚಿ ವರ್ಕ್‌ಶಾಪಿಗೆ ಒಯ್ದು ಪೂರ್ತಿ ವೆಲ್ಡ್ ಮಾಡಿದರೆ ಫ್ಲ್ಯಾಂಜ್ ಸರಿಯಾಗಿ ಕೂರುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವಯರ್ ಕಳಚಿ, ಟರ್ಬೊ ಬಾಯಿಗೆ ತಗಡು ಮುಚ್ಚಿ. ಬಟ್ಟೆ ತುರುಕಿದರೆ ಮರೆತುಹೋಗುತ್ತದೆ.

ಯಾವ ಕಬ್ಬಿಣ? ಜಿ.ಐ. ಪೈಪ್ ಬೇಡವೇ ಬೇಡ. ಅದರ ಮೇಲಿನ ಸತು 420 ಡಿಗ್ರಿಗೆ ಕರಗುತ್ತದೆ. ವೆಲ್ಡ್ ಮಾಡುವವರಿಗೆ ಅದರ ಹೊಗೆಯಿಂದ ರಾತ್ರಿ ಚಳಿಜ್ವರ. ಸ್ಟೀಲ್ ಹಾಕಿದರೆ ಜೀವನಪರ್ಯಂತ ಎನ್ನುವವರೂ ಇದ್ದಾರೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 304 ಸ್ಟೀಲನ್ನು ಉಪ್ಪು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. 316ರಲ್ಲಿ ಎರಡು ಮೂರು ಶೇಕಡ ಮಾಲಿಬ್ಡಿನಮ್ ಇರುವುದರಿಂದ ಅದು ಹೆಚ್ಚು ತಾಳುತ್ತದೆ. ಎರಡೂ ನೋಡಲು ಒಂದೇ, ಅಯಸ್ಕಾಂತಕ್ಕೂ ಗುಟ್ಟು ಬಿಡುವುದಿಲ್ಲ. ನನ್ನ ಮಾತು ಕೇಳುವುದಾದರೆ, ತೆಳ್ಳಗಿನ 304ಕ್ಕಿಂತ ದಪ್ಪ ಎಂ.ಎಸ್. ಪೈಪೇ ಮೇಲು. ನಾಲ್ಕು ಇಂಚಿನ ಶೆಡ್ಯೂಲ್ 40 ಪೈಪಿನ ಗೋಡೆ ಆರು ಮಿಲಿಮೀಟರ್ ಇರುತ್ತದೆ. ಸವೆಯಲು ಮೈ ಇದೆ, ಯಾವ ಊರಿನ ವೆಲ್ಡರೂ ಕೈ ಹಾಕಬಹುದು.

ಐದು ಇಂಚು ಇದ್ದಲ್ಲಿ ನಾಲ್ಕು ಇಂಚು ಹಾಕುವ ಉಳಿತಾಯ ಮಾತ್ರ ಬೇಡ. ಇಂಚು ಒಂದೇ ಕಡಿಮೆಯಾದರೂ ಹೊಗೆಯ ದಾರಿ 36 ಶೇಕಡ ಕಿರಿದಾಗುತ್ತದೆ. ಎಂಜಿನ್ ಕರಿ ಹೊಗೆ ಬಿಟ್ಟು, ಹೆಚ್ಚು ಡೀಸೆಲ್ ಕುಡಿದು ಅದನ್ನು ಹೇಳುತ್ತದೆ. ಇನ್ನು, ಮೂರು ಮೀಟರ್ ಎಂ.ಎಸ್. ಕೊಳವೆ 400 ಡಿಗ್ರಿ ಬಿಸಿಯೇರಿದರೆ ಸುಮಾರು 14 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಆಸ್ಪದವಾಗಿ ಟರ್ಬೊ ಪಕ್ಕ ಬೆಲ್ಲೋಸ್ ಇರಬೇಕು, ಕೊಳವೆಯ ಭಾರ ಬ್ರಾಕೆಟ್ಟಿನ ಮೇಲಿರಬೇಕು. ಇಲ್ಲದಿದ್ದರೆ ಬಿರುಕು ಬಿಡುವುದು ದುಬಾರಿ ಟರ್ಬೊ ಕಡೆಯೇ.

ಹೊಗೆಗೆ ಕಡಲನೀರು ಬೆರೆಸಿ ಹಿಂಬದಿಯಿಂದ ಬಿಡುವ ವ್ಯವಸ್ಥೆ ವಿಹಾರದ ದೋಣಿಗಳಲ್ಲಿ ಹೆಚ್ಚು. ಅಲ್ಲಿ ನೀರು ಸೇರುವ ಎರಕದ ಮೊಣಕೈ ತುಂಡು ಒಳಗಿನಿಂದಲೇ ಕರಗುತ್ತದೆ. ಅದು ತೂತಾದರೆ ನೀರು ಹಿಂದಕ್ಕೆ ಹರಿದು ಸಿಲಿಂಡರ್ ಸೇರಬಹುದು. ನೀರನ್ನು ಹಿಂಡಿ ಕುಗ್ಗಿಸಲು ಪಿಸ್ಟನ್ನಿಗೆ ಆಗದು, ಬಾಗುವುದು ಕನೆಕ್ಟಿಂಗ್ ರಾಡ್. ಆ ತುಂಡಿಗೆ ರಿಪೇರಿ ಎಂಬುದಿಲ್ಲ, ಹೊಸದೇ ಗತಿ.

ಈ ಸಲ ಜೂನ್ ಮೊದಲ ವಾರವೇ ಹಗ್ಗ ಬಿಚ್ಚಿ, ಕೊಳವೆಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಸುತ್ತಿಗೆ ಹಿಡಿಯಿರಿ. ವೆಲ್ಡರ್ ಆಗ ಕರೆದ ದಿನವೇ ಬರುತ್ತಾರೆ. ತಗ್ಗಿನ ತಿರುವಿಗೆ ಒಂದು ಡ್ರೈನ್ ಪ್ಲಗ್ ಹಾಕಿಸಿ. ಮಳೆನೀರು ಇಳಿಯದಂತೆ ಕೊಳವೆಯ ಬಾಯಿಗೆ ಒಂದು ಡಬ್ಬಿ ಕವುಚಿಡಿ. ಆಗಸ್ಟಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಆ ಡಬ್ಬಿ ತೆಗೆಯಲು ಮರೆಯಬೇಡಿ.