ನಡಿಗೆಯ ಅಳತೆ

ಗೋಕಾಕದ ಸಂತೆಗೆ ಹೋಗುವವರು, ಮೂಡಲಗಿಯ ಕಬ್ಬಿನ ಹೊಲದ ಬದುವಿನ ಮೇಲೆ ನಡೆಯುವವರು, ಹುಕ್ಕೇರಿಯ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲು ಹತ್ತುವವರು ತಮ್ಮ ಕಾಲುಗಳನ್ನು ನೆನೆಯುವುದೇ ಇಲ್ಲ. ಅಪಘಾತದಿಂದಲೋ ಮಧುಮೇಹದ ಹುಣ್ಣಿನಿಂದಲೋ ಒಂದು ಕಾಲನ್ನು ಕಳೆದುಕೊಂಡವರಿಗಾದರೋ ಮನೆಯ ಹೊಸ್ತಿಲೂ ಬೆಟ್ಟವಾಗಿ ತೋರುತ್ತದೆ.

ಅಂಥವರಿಗೆ ಕೃತಕ ಕಾಲನ್ನು ಜೋಡಿಸಿದ ಮಾತ್ರಕ್ಕೆ ವೈದ್ಯರ ಕೆಲಸ ಮುಗಿಯುವುದಿಲ್ಲ. ಅದನ್ನು ತೊಟ್ಟವರು ಎಷ್ಟು ದೂರ, ಎಷ್ಟು ವೇಗವಾಗಿ, ಎಷ್ಟು ನಿರ್ಭಯವಾಗಿ ನಡೆಯಬಲ್ಲರು ಎಂಬುದನ್ನು ಅಳೆದು ನೋಡಬೇಕು. “ಹೇಗಿದೆ?” ಎಂದು ಕೇಳಿದರೆ ನಮ್ಮ ಜನ ಸಂಕೋಚದಿಂದ “ಅಡ್ಡಿಯಿಲ್ಲ” ಎನ್ನುತ್ತಾರೆ. ಆ ಒಂದು ಮಾತಿನಲ್ಲಿ ಅವರ ನೋವು ಮುಚ್ಚಿಹೋಗುತ್ತದೆ.

ಈ ಅಳತೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. ಒಂದು ಕುರ್ಚಿ, ಒಂದು ಗಡಿಯಾರ, ನೆಲದ ಮೇಲೊಂದು ಗೆರೆ ಇದ್ದರೆ ಸಾಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಎಷ್ಟು ಸೆಕೆಂಡುಗಳು ಬೇಕಾದುವೆಂದು ಎಣಿಸುವುದು ಒಂದು ಪರೀಕ್ಷೆ. ವೃದ್ಧರಿಗಾಗಿ 1991ರಲ್ಲಿ ಪ್ರಕಟವಾದ ಈ ಕ್ರಮವು ಕೃತಕ ಕಾಲಿನವರಿಗೂ ಉಪಯುಕ್ತವಾಯಿತು. ಏಳುವಾಗಲೂ ತಿರುಗುವಾಗಲೂ ದೇಹದ ಭಾರವು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯಬೇಕಷ್ಟೆ. ಬೀಳುವ ಭಯವುಳ್ಳವರು ಅಲ್ಲಿಯೇ ತಡೆಯುತ್ತಾರೆ. 2 ಅಥವಾ 6 ನಿಮಿಷಗಳಲ್ಲಿ ಎಷ್ಟು ದೂರ ನಡೆದರೆಂದು ಅಳೆಯುವುದು ಇನ್ನೊಂದು ಪರೀಕ್ಷೆ. ಕೆಲವು ವಾರಗಳ ಬಳಿಕ ಮತ್ತೆ ಅಳೆದಾಗ ದೂರವು ಹೆಚ್ಚಿದ್ದರೆ ಅಭ್ಯಾಸ ಫಲಿಸಿತೆಂದು ತಿಳಿಯಬಹುದು. ಕಡಿಮೆಯಾಗಿದ್ದರೆ ಕಾರಣವನ್ನು ಹುಡುಕಬೇಕು. ಉಳಿದ ಕಾಲಿನ ತುದಿ ಬತ್ತಿ, ಅದು ಕೂರುವ ಬಟ್ಟಲು ಸಡಿಲವಾಗಿರಬಹುದು. ಚರ್ಮ ಉಜ್ಜಿ ಹುಣ್ಣಾಗಿರಬಹುದು.

ಆದರೆ ಆಸ್ಪತ್ರೆಯ ಸಮನೆಲದ ಅಳತೆಯೊಂದೇ ನಮ್ಮ ಬಾಳಿಗೆ ಸಾಲದು. ನಮ್ಮವರು ಹಸಿ ಎರೆಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುತ್ತಾರೆ, ಕುಕ್ಕರುಗಾಲಿನಲ್ಲಿ ಕೂರುತ್ತಾರೆ, ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ. ಹಿಂದಿನ ಕೃತಕ ಪಾದಗಳು ಬೂಟಿನೊಳಗೆ ಇರತಕ್ಕವು. ಅವು ಇಂಥ ಬಾಳಿಗೆ ಒಗ್ಗಲಿಲ್ಲ. ಈ ಕೊರತೆಯನ್ನು ಕಂಡೇ ರಾಜಸ್ಥಾನದ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಹಾಗೂ ವೈದ್ಯ ಪಿ. ಕೆ. ಸೇಥಿಯವರು 1968ರ ಸುಮಾರಿಗೆ ಬಾಗಬಲ್ಲ ರಬ್ಬರಿನ ಪಾದವನ್ನು ರೂಪಿಸಿದರು. ‘ಜೈಪುರ ಪಾದ’ವೆಂದು ಅದು ಲೋಕಪ್ರಸಿದ್ಧವಾಯಿತು. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಆದುದರಿಂದ ಸೆಕೆಂಡು ಮೀಟರುಗಳನ್ನು ಬರೆದುಕೊಳ್ಳುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: “ನೀವು ಎಲ್ಲಿಗೆ ಹೋಗಬೇಕೆಂದಿದ್ದೀರಿ?” ಹೊಲಕ್ಕೆ ಎಂದವರನ್ನು ಬದುವಿನ ಮೇಲೆ ನಡೆಸಿ ನೋಡಬೇಕು, ಸಂತೆಗೆ ಎಂದವರನ್ನು ಬಸ್ಸಿನ ಮೆಟ್ಟಿಲು ಹತ್ತಿಸಿ ನೋಡಬೇಕು. ಅವರು ಅಲ್ಲಿಗೆ ತಲುಪಿ ಮನೆಗೆ ಮರಳಿದ ದಿನವೇ ಆ ಅಳತೆ ಪೂರ್ಣವಾಗುತ್ತದೆ.